ಮಡಚು ಚಾಕುವಿನ ಜಾಗ

ಮಾನ್ಯ ಸಂಪಾದಕರೇ,

ಜೇಬಿನಲ್ಲಿ ಚಾಕು ಇಟ್ಟುಕೊಂಡು ತಿರುಗುವವರನ್ನೆಲ್ಲ ಪೊಲೀಸರು ತಡೆದು ವಿಚಾರಿಸಬೇಕೆಂದು ಓದುಗರೊಬ್ಬರು ಕಳೆದ ವಾರ ತಮ್ಮ ಪತ್ರಿಕೆಗೆ ಬರೆದಿದ್ದರು. ದಿನ ಬೆಳಗಾದರೆ ಚಾಕು ಇರಿತದ ಸುದ್ದಿ ಓದುವವರಿಗೆ ಅಂಥ ಭಯ ಹುಟ್ಟುವುದು ಸಹಜ. ಆದರೆ ಅವರ ಮಾತಿನಂತೆ ನಡೆದರೆ ಮೊದಲು ಸಿಕ್ಕಿಬೀಳುವವನು ನಾನು. ಶಿರಸಿ ತಾಲ್ಲೂಕಿನ ಒಂದು ಸಣ್ಣ ಅಡಿಕೆ ತೋಟದ ಯಜಮಾನನಾದ ನಾನು ಹೈಸ್ಕೂಲು ಮುಗಿಸಿದ ವರ್ಷದಿಂದ ಈವರೆಗೆ, ಮದುವೆಯ ಮಂಟಪಕ್ಕೂ ಆಸ್ಪತ್ರೆಯ ವಾರ್ಡಿಗೂ ಹೋಗುವ ದಿನಗಳನ್ನು ಬಿಟ್ಟರೆ, ಮಡಚು ಚಾಕು ಇಲ್ಲದೆ ಮನೆಯಿಂದ ಹೊರಬಿದ್ದದ್ದು ನೆನಪಿಲ್ಲ. ಆ ಓದುಗರ ಪ್ರಶ್ನೆ ಯಾರ ಬಳಿ ಚಾಕು ಇದೆ ಎಂಬುದು. ಚಾಕು ಮೈಮೇಲೆ ಎಲ್ಲಿ, ಹೇಗೆ, ಯಾವ ಸ್ಥಿತಿಯಲ್ಲಿ ಇದೆ ಎಂದು ಕೇಳುವುದು ಹೆಚ್ಚು ಉಪಯುಕ್ತವೆಂದು ನನ್ನ ಅನುಭವ ಹೇಳುತ್ತದೆ. ಆ ವಿಷಯವಾಗಿ ನಾಲ್ಕು ಮಾತು ಬರೆಯಲು ಸ್ಥಳಾವಕಾಶ ಕೋರುತ್ತೇನೆ.

ದಿನವೂ ಚಾಕು ಏಕೆ ಬೇಕೆಂಬುದನ್ನು ತೋಟದವರಿಗೆ ಹೇಳಬೇಕಾಗಿಲ್ಲ, ಪೇಟೆಯವರಿಗೆ ಹೇಳಬೇಕು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಹನಿ ನೀರಾವರಿಯ ಪೈಪು ತುಂಡರಿಸುವುದು, ಬಾಳೆಗೊನೆ ಕಟ್ಟಿದ ಹಗ್ಗ ಕೊಯ್ಯುವುದು, ಎಳೆಯ ಕಾಳುಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಿದ ಮೇಲೆ ಉಳಿದ ದಾರ ಕತ್ತರಿಸುವುದು, ಇವೆಲ್ಲ ಬೆಳಗಿನ ತಿಂಡಿಗೆ ಮೊದಲೇ ಬರುವ ಕೆಲಸಗಳು. ಇವಕ್ಕೆಲ್ಲ ದೊಡ್ಡ ಕತ್ತಿ ಒಗ್ಗುವುದಿಲ್ಲ, ಕತ್ತರಿ ಸಾಲುವುದಿಲ್ಲ. ಕಸಿ ಕಟ್ಟುವವರಿಗಂತೂ ಮಡಚು ಚಾಕುವೇ ಕೈಬೆರಳು. ಬ್ರೆಜಿಲಿನ ಕಾಡುಹಿಪ್ಪಲಿಯ ಗಿಡಕ್ಕೆ ನೀರು ನಿಲ್ಲುವ ಜಾಗದಲ್ಲೂ ಬೇರು ಕೊಳೆಯುವುದಿಲ್ಲ, ಮೆಣಸಿನ ಸೊರಗು ರೋಗ ಅದನ್ನು ಸುಲಭವಾಗಿ ಹಿಡಿಯುವುದಿಲ್ಲ. ಆ ಕಾರಣಕ್ಕೆ ನಮ್ಮಲ್ಲಿ ಹಲವರು ಅದರ ಮೇಲೆ ಮನೆಯ ಮೆಣಸಿನ ಕುಡಿಯನ್ನು ಕಸಿ ಕಟ್ಟುತ್ತೇವೆ. ಕುಡಿಯ ಬುಡವನ್ನು ಎರಡೂ ಕಡೆ ಸವರಿ ಬೆಣೆಯಂತೆ ಮಾಡಿ ಹಿಪ್ಪಲಿಯ ಸೀಳಿನೊಳಗೆ ಕೂರಿಸಬೇಕು. ಸವರಿದ ಮುಖ ಕನ್ನಡಿಯ ಹಾಗೆ ನಯವಾಗಿದ್ದರೆ ಕಸಿ ಹಿಡಿಯುತ್ತದೆ, ತರಿತರಿಯಾದರೆ ನಾಲ್ಕೇ ದಿನಕ್ಕೆ ಕಪ್ಪಾಗುತ್ತದೆ. ಅದಕ್ಕೆಂದೇ ಕಸಿ ಚಾಕುವಿನ ಅಲಗನ್ನು ಒಂದೇ ಮಗ್ಗುಲಿಗೆ ಸಾಣೆ ಹಿಡಿದಿರುತ್ತಾರೆ, ಇನ್ನೊಂದು ಮಗ್ಗುಲು ಹಲಗೆಯಂತೆ ಚಪ್ಪಟೆಯಾಗಿರುತ್ತದೆ. ಅಷ್ಟು ಹರಿತದ ಅಲಗನ್ನು ಬಿಚ್ಚಿಟ್ಟುಕೊಂಡು ಓಡಾಡಲಾಗದು. ಮಡಚಿ ಹಿಡಿಯೊಳಗೆ ಮುಚ್ಚಿಟ್ಟರೆ ಅಲಗಿನ ಬಾಯಿಯೂ ಉಳಿಯುತ್ತದೆ, ತೊಡೆಯೂ ಉಳಿಯುತ್ತದೆ.

ನಮ್ಮ ಹಿರಿಯರು ಚಾಕುವಿಗೆ ಮೈಮೇಲೆ ಗೊತ್ತಾದ ಜಾಗವೊಂದನ್ನು ಕೊಟ್ಟಿದ್ದರು. ನನ್ನ ಅಜ್ಜ ಜೇಬಿರುವ ಅಂಗಿ ತೊಟ್ಟದ್ದನ್ನು ನಾನು ಕಂಡೇ ಇಲ್ಲ. ಅವರ ಚಾಕು ಕವಳದ ಸಂಚಿಯಲ್ಲಿರುತ್ತಿತ್ತು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು ಎಂದು ಅರೆಗಳಿರುವ ಬಟ್ಟೆಯ ಸಂಚಿ ಅದು. ಅಡಕತ್ತರಿಗೂ ಚಾಕುವಿಗೂ ಒಂದೇ ಅರೆ. ಸಂಚಿಯನ್ನು ಸುರುಳಿ ಸುತ್ತಿ ದಾರ ಬಿಗಿದು ಸೊಂಟಕ್ಕೆ ಸಿಕ್ಕಿಸಿದರೆ ಚಾಕು ತೆರೆದುಕೊಳ್ಳುವ ಮಾತೇ ಇರಲಿಲ್ಲ. ಅದನ್ನು ಹೊರತೆಗೆಯಲು ಕೂರಬೇಕು, ಸಂಚಿ ಬಿಡಿಸಬೇಕು, ಅರೆಯೊಳಗೆ ಬೆರಳು ಹಾಕಬೇಕು. ಅಷ್ಟು ಹೊತ್ತಿನಲ್ಲಿ ಎಂಥವನ ಸಿಟ್ಟೂ ಇಳಿಯುತ್ತದೆ ಎಂದು ಅಜ್ಜ ನಗುತ್ತಿದ್ದರು. ಅವರು ತಮಾಷೆಗೆ ಹೇಳುತ್ತಿದ್ದರೋ ನಿಜಕ್ಕೂ ಹಾಗೆ ನಂಬಿದ್ದರೋ ತಿಳಿಯದು, ನಾನಂತೂ ನಂಬಿದ್ದೇನೆ.

ಅಪ್ಪಯ್ಯನ ಕಾಲಕ್ಕೆ ಚಾಕು ಉಡಿದಾರಕ್ಕೆ ಬಂತು. ಹಿತ್ತಾಳೆಯ ಹಿಡಿಯ ತುದಿಯಲ್ಲಿ ಒಂದು ಬಳೆ, ಬಳೆಗೆ ಗೇಣುದ್ದದ ದಾರ, ದಾರದ ಇನ್ನೊಂದು ತುದಿ ಉಡಿದಾರಕ್ಕೆ ಗಂಟು. ಚಾಕು ಪಂಚೆಯ ಮಡಿಕೆಯೊಳಗೆ ಕೂತಿರುತ್ತಿತ್ತು, ಬೇಕಾದಾಗ ದಾರ ಎಳೆದರೆ ಕೈಗೆ ಬರುತ್ತಿತ್ತು, ಕೈಜಾರಿದರೂ ನೆಲಕ್ಕೆ ಬೀಳುತ್ತಿರಲಿಲ್ಲ. ಅಡಿಕೆ ತೋಟದಲ್ಲಿ ಕೆಲಸ ಮಾಡಿದವರಿಗೆ ಈ ದಾರದ ಬೆಲೆ ಗೊತ್ತು. ದರಕಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಬಿದ್ದ ಚಾಕು ಸಿಕ್ಕರೆ ಸಿಕ್ಕಿತು, ಬಸಿಗಾಲುವೆಯ ಕೆಸರಿಗೆ ಬಿದ್ದದ್ದು ಮುಂದಿನ ವರ್ಷ ಕಾಲುವೆ ಸೋಸುವಾಗ ತುಕ್ಕಿನ ಕಡ್ಡಿಯಾಗಿ ಮೇಲೆ ಬರುತ್ತದೆ. ನಾನು ದಾರ ಕಟ್ಟುವುದನ್ನು ಹಳ್ಳಿಗುಗ್ಗುತನವೆಂದು ತಿಳಿದು ಬಿಟ್ಟ ಐದಾರು ವರ್ಷಗಳಲ್ಲಿ ನಾಲ್ಕು ಚಾಕು ಕಳೆದುಕೊಂಡೆ. ಐದನೆಯದು ಅಂಗಿಯ ಮೇಲುಜೇಬಿನಿಂದ ಬಾವಿಗೆ ಬಿತ್ತು. ಬಗ್ಗಿ ಪಂಪಿನ ಫುಟ್‌ವಾಲ್ವ್ ನೋಡುತ್ತಿದ್ದಾಗ ಜಾರಿದ ಅದು ಎರಡು ಕಲ್ಲಿಗೆ ಬಡಿದು ನೀರಿಗೆ ಬಿದ್ದ ಸದ್ದು ಇಂದಿಗೂ ಕಿವಿಯಲ್ಲಿದೆ. ಮೇಲುಜೇಬು ಪೆನ್ನಿಗಷ್ಟೇ ಸರಿ, ಚಾಕುವಿಗಲ್ಲ ಎಂದು ಅಂದೇ ತೀರ್ಮಾನಿಸಿದೆ. ಅಲ್ಲಿಂದ ಮುಂದೆ ನನ್ನ ಚಾಕುವಿಗೂ ದಾರ ಬಂದಿದೆ, ದಾರಕ್ಕೆ ಕೆಂಪು ಬಟ್ಟೆಯ ಚೂರೂ ಬಂದಿದೆ.

ಹೆಂಗಸರ ಮಾತು ಬಂದರೆ, ನಮ್ಮ ಮನೆಯಾಕೆ ಚಾಕುವನ್ನು ಕೀಲಿಕೈ ಗೊಂಚಲಿನಲ್ಲಿ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ, ಮೀನಿನ ಆಕಾರದ ಹಿಡಿಯಿರುವ, ಮಕ್ಕಳ ಆಟಿಗೆಯಂತೆ ಕಾಣುವ ಪುಟ್ಟ ಚಾಕು ಅದು. ಹಿತ್ತಲಿನ ಹರಿವೆ ಸೊಪ್ಪು, ದಾಸವಾಳದ ಕಡ್ಡಿ, ಬಾಳೆಯ ಕುಡಿಎಲೆ, ಎಲ್ಲಕ್ಕೂ ಅದೇ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದಾಗ ಹೊಸದು ಬರುತ್ತದೆ, ಏಕೆಂದರೆ ಆ ತಗಡಿನ ರಿವೆಟ್ ಅದಕ್ಕಿಂತ ಹೆಚ್ಚು ಬಾಳುವುದಿಲ್ಲ. ರಿವೆಟ್ ಸಡಿಲಾದ ಚಾಕು ಗೊಂಚಲಿನಲ್ಲಿ ತಾನಾಗಿ ಅರ್ಧ ಬಾಯಿ ತೆರೆದುಕೊಳ್ಳುತ್ತದೆ ಎಂಬುದನ್ನು ಆಕೆ ತನ್ನ ಹೆಬ್ಬೆರಳು ಕೊಯ್ದುಕೊಂಡ ಮೇಲೆ ಕಲಿತಳು. ಈಗ ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಡುತ್ತಾಳೆ. ಪೇಟೆಯ ಅಂಗಡಿಯವರು ಇಂದು ಕೀಲಿಗೊಂಚಲಿನ ಚಾಕುವೆಂದು ಮಾರುವುದು ಇದರದೇ ಒಪ್ಪವಾದ ರೂಪ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನವರದು ಮಡಚಿದಾಗ 58 ಮಿಲಿಮೀಟರ್ ಮಾತ್ರ ಇದ್ದು, ಅದರೊಳಗೆ ಕತ್ತರಿ, ಉಗುರು ಅರ, ಚಿಮಟವೂ ಸೇರಿರುತ್ತವೆ. ಲಕೋಟೆ ಬಿಡಿಸಲು, ದಾರ ಕತ್ತರಿಸಲು ಅದು ಸಾಕು. ಹಲಸಿನ ಕಾಯಿಗೆ ಅದನ್ನು ಹಚ್ಚಿದರೆ ಹಲಸು ನಗುತ್ತದೆ.

ಮಡಚುವ ಚಾಕುವನ್ನೂ ಒರೆಯ ಕತ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪೆಂದು ಆ ಓದುಗರಿಗೆ ತಿಳಿಸಬಯಸುತ್ತೇನೆ. ಕೊಡವರು ತಮ್ಮ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆಯ ಮೇಲೆ ಸಿಕ್ಕಿಸುವ ಪೀಚೆಕತ್ತಿ ಬೆಳ್ಳಿಯ ಸರಪಳಿಯೊಂದಿಗೆ ಮುಂದುಗಡೆ ಎಲ್ಲರಿಗೂ ಕಾಣುವಂತಿರುತ್ತದೆ. ಒಡಿಕತ್ತಿ ಬೆನ್ನ ಹಿಂದಿನ ಹಿತ್ತಾಳೆಯ ಕೊಂಡಿಯಾದ ತೋಡಂಗಿನಲ್ಲಿ ಇರುತ್ತದೆ. ಎರಡೂ ಕಾಣಬೇಕೆಂದೇ ಧರಿಸುವ ಕತ್ತಿಗಳು, ಕುಲದ ಗೌರವದ ಗುರುತುಗಳು. ನಮ್ಮ ಮಲೆನಾಡಿನ ಕೂಲಿಯವರು ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಕತ್ತಿಯೂ ಹಾಗೆಯೇ ಬಯಲಿನಲ್ಲಿರುತ್ತದೆ, ಅದನ್ನು ಕಂಡು ಹಳ್ಳಿಯ ಬಸ್ಸಿನಲ್ಲಿ ಯಾರೂ ಬೆಚ್ಚುವುದಿಲ್ಲ. ಮಡಚು ಚಾಕುವಿನ ಸ್ವಭಾವ ಬೇರೆ. ಅದು ಮರೆಯಲ್ಲಿರುವುದಕ್ಕೆಂದೇ ಹುಟ್ಟಿದ್ದು, ಅನುಮಾನಕ್ಕೆ ಎಡೆಯಾಗುವುದೂ ಅದರಿಂದಲೇ. ಹಿಂದಿ ಸಿನಿಮಾದ ಖಳರು ರಾಮಪುರಿಯನ್ನು ಟಕ್ಕೆಂದು ಬಿಚ್ಚಿದ ಸದ್ದು ನಮ್ಮ ತಲೆಮಾರಿನ ಕಿವಿಯಿಂದ ಇನ್ನೂ ಹೋಗಿಲ್ಲ. ಉತ್ತರ ಪ್ರದೇಶದ ರಾಮಪುರದ ಕುಶಲಕರ್ಮಿಗಳ ಕೈಕೆಲಸಕ್ಕೆ ಅಂಟಿದ ಆ ಅಪಖ್ಯಾತಿ ಕಸಿ ಚಾಕುವಿನವರೆಗೂ ಚಾಚಿಕೊಂಡಿದೆ.

ಪ್ಯಾಂಟಿನ ಜೇಬಿಗೆ ಬರೋಣ, ಇಂದು ಬಹುಪಾಲು ಜನ ಚಾಕು ಇಡುವುದು ಅಲ್ಲಿಯೇ. ಜೇಬಿನ ತಳದಲ್ಲಿ ಚಾಕುವನ್ನು ಸುಮ್ಮನೆ ಹಾಕಿಕೊಳ್ಳುವುದು ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಸರಳವಾದ ರೀತಿ. ಹಿಂಬದಿಯ ಸ್ಪ್ರಿಂಗ್ ಬಿಗಿಯಾಗಿದ್ದು ಅಲಗನ್ನು ಮುಚ್ಚಿ ಹಿಡಿಯುವ ಚಾಕುವಾದರೆ ಅದರಲ್ಲಿ ಅಪಾಯ ಕಡಿಮೆ. ಆದರೆ ಚಿಲ್ಲರೆ, ಕೀಲಿಕೈ, ಮೊಬೈಲಿನ ಜೊತೆ ಒಂದೇ ಜೇಬಿನಲ್ಲಿ ಇಟ್ಟರೆ ಹಿಡಿಯೂ ಗೀರುತ್ತದೆ, ಮೊಬೈಲಿನ ಗಾಜೂ ಗೀರುತ್ತದೆ, ಬಟ್ಟೆಯ ಜಿಗುಟು ಧೂಳೆಲ್ಲ ರಿವೆಟ್ಟಿನೊಳಗೆ ಸೇರಿ ಅಲಗು ಗಟ್ಟಿಯಾಗುತ್ತದೆ. ಅಲಗು ಗಟ್ಟಿಯಾದರೆ ಜನ ಉಗುರು ಮುರಿಯುವಷ್ಟು ಬಲ ಹಾಕಿ ತೆರೆಯುತ್ತಾರೆ, ಕೈ ಕೊಯ್ದುಕೊಳ್ಳುವುದು ಆಗಲೇ. ಹಿಂದಿನ ಜೇಬಿನ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ವಿರೋಧ. ಬೈಕಿನ ಮೇಲೆ ಕೂತಾಗ ಅದು ಸೊಂಟದ ಮೂಳೆಗೆ ಒತ್ತುತ್ತದೆ, ಬಿದ್ದರೆ ಪೆಟ್ಟು ಎರಡಾಗುತ್ತದೆ, ಜನಜಂಗುಳಿಯಲ್ಲಿ ಇನ್ನೊಬ್ಬರ ಕೈಗೆ ಸುಲಭವಾಗಿ ಸಿಗುತ್ತದೆ. ನಮ್ಮ ಚಾಕು ಬೇರೆಯವರ ಕೈಗೆ ಹೋಗುವಂತೆ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ.

ಪ್ಯಾಂಟಿನ ಜೇಬಿನ ಅಂಚಿಗೆ ಪೆನ್ನಿನ ಹಾಗೆ ಕ್ಲಿಪ್ಪಿನಿಂದ ಸಿಕ್ಕಿಸುವ ರೀತಿ ಈಚಿನದು. ಅಮೆರಿಕದ ಸ್ಪೈಡರ್ಕೊ ಕಂಪನಿಯವರು 1981ರಲ್ಲಿ ಹಿಡಿಗೆ ಕ್ಲಿಪ್ಪನ್ನೂ, ಹೆಬ್ಬೆರಳಿನಿಂದಲೇ ತೆರೆಯಲು ಅಲಗಿಗೆ ದುಂಡನೆಯ ತೂತನ್ನೂ ಇಟ್ಟ ಚಾಕು ಹೊರತಂದ ಮೇಲೆ ಇದು ಜಗತ್ತಿನಾದ್ಯಂತ ಹಬ್ಬಿತು. ನನ್ನ ಮಗ ಇದರ ಭಕ್ತ. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಕೊಂಬೆ ಹಿಡಿದಿದ್ದಾಗ ಇನ್ನೊಂದೇ ಕೈಯಲ್ಲಿ ಚಾಕು ತೆಗೆದು ಬಿಚ್ಚಬಹುದೆಂಬ ಅವನ ವಾದದಲ್ಲಿ ಹುರುಳಿದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಕ್ಲಿಪ್ಪಿನವರು ಒಂದು ಸೂಕ್ಷ್ಮವನ್ನು ಗಮನಿಸುವುದಿಲ್ಲ. ಮಡಚಿದ ಚಾಕುವಿನ ಮೊನೆ ಜೇಬಿನೊಳಗೆ ಮೇಲ್ಮುಖವಾಗಿದೆಯೋ ಕೆಳಮುಖವಾಗಿದೆಯೋ ಎಂಬುದು ದೊಡ್ಡ ಸಂಗತಿ. ಮೇಲ್ಮುಖವಾಗಿದ್ದರೆ ತೆಗೆದ ಕೂಡಲೇ ಬಿಚ್ಚಲು ಅನುಕೂಲ, ಆದರೆ ಜೇಬಿನೊಳಗೇ ಅಲಗು ಬೆರಳಗಲ ತೆರೆದುಕೊಂಡಿದ್ದರೆ ಕೈ ಹಾಕಿದವನಿಗೆ ಮೊದಲು ಸಿಗುವುದು ಮೊನೆಯೇ. ಅಂಥ ಚಾಕು ಜೇಬಿನ ಹಿಂಬದಿಯ ಹೊಲಿಗೆಗೆ ಒತ್ತಿಕೊಂಡು ನಿಂತಿರಬೇಕು. ಆಗ ಅಲಗಿನ ಬೆನ್ನು ಹೊಲಿಗೆಗೆ ತಾಗಿ, ತೆರೆಯಲು ಜಾಗವೇ ಉಳಿಯುವುದಿಲ್ಲ. ಕ್ಲಿಪ್ಪು ಸಡಿಲಾಗಿ ಚಾಕು ಜೇಬಿನ ನಡುವಿಗೆ ಸರಿದರೆ ಆ ರಕ್ಷಣೆ ಹೋಯಿತು. ಮೊನೆ ಕೆಳಮುಖವಾಗಿದ್ದರೆ ಕೈಗೆ ಅಪಾಯ ಕಡಿಮೆ, ಆದರೆ ಬಿಚ್ಚುವ ಮೊದಲು ಚಾಕುವನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿಕೊಳ್ಳಬೇಕು. ತೋಟದ ಕೆಲಸಕ್ಕೆ ನನಗೆ ಈ ಎರಡನೆಯದೇ ಮೇಲೆನಿಸುತ್ತದೆ, ಒಂದು ತಿರುವು ಹೆಚ್ಚಾದರೆ ಗಂಟೇನೂ ಹೋಗುವುದಿಲ್ಲ.

ಕ್ಲಿಪ್ಪಿನ ಇನ್ನೊಂದು ದೋಷವೆಂದರೆ ಅದು ಹೊರಗೆ ಕಾಣುತ್ತದೆ. ತೋಟದಲ್ಲಿ ಕಂಡರೆ ಏನೂ ಅಲ್ಲ, ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಹಿಂದಿದ್ದವರ ಕಣ್ಣು ಅದರ ಮೇಲೆಯೇ ಇರುತ್ತದೆ. ಅವರಿಗೆ ನಮ್ಮ ಜೇಬಿನ ಚಾಕು ಮೆಣಸಿನ ಕಸಿಗೆಂದು ಬಂದದ್ದೆಂದು ಹೇಗೆ ತಿಳಿಯಬೇಕು? ಆದ್ದರಿಂದ ಪೇಟೆಗೆ ಹೋಗುವಾಗ ಚಾಕು ಜೇಬಿನಿಂದ ಚೀಲಕ್ಕೆ ಹೋಗಬೇಕೆಂದು ಮಗನಿಗೆ ಹೇಳಿದ್ದೇನೆ. ಅವನು ಅರ್ಧ ಪಾಲಿಸುತ್ತಾನೆ.

ಬೆಲ್ಟಿಗೆ ಸಿಕ್ಕಿಸುವ ಚರ್ಮದ ಚೀಲ ನೋಡಲು ಗಂಭೀರ, ಜೇಬಿಗೆ ಭಾರವಿಲ್ಲ, ಬಟನ್ ಹಾಕಿದರೆ ಭದ್ರ. ಆದರೆ ಮಲೆನಾಡಿನ ಮಳೆಗಾಲಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಜೂನ್ ತಿಂಗಳಲ್ಲಿ ಒದ್ದೆಯಾದ ಚರ್ಮ ಆಗಸ್ಟಿನವರೆಗೆ ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ, ಒಳಗಿನ ಅಲಗಿಗೆ ತುಕ್ಕಿನ ಚುಕ್ಕೆ ಬೀಳುತ್ತದೆ. ಕಸಿ ಚಾಕುಗಳಲ್ಲಿ ಒಳ್ಳೆಯವು ಹೆಚ್ಚಾಗಿ ಕಾರ್ಬನ್ ಉಕ್ಕಿನವು. ಸಾಣೆಗೆ ಬೇಗ ಒಲಿಯುತ್ತವೆ, ತುಕ್ಕಿಗೂ ಬೇಗ ಒಲಿಯುತ್ತವೆ. ಮಳೆಗಾಲದಲ್ಲಿ ನಾನು ಅದನ್ನು ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಸುತ್ತಿ, ಹಳೆಯ ಕನ್ನಡಕದ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಹೆಗಲ ಚೀಲದಲ್ಲಿ ಹಾಕಿಕೊಳ್ಳುತ್ತೇನೆ. ಹಲಸಿನ ಮೇಣ ಅಂಟಿದ್ದರೂ ಅದೇ ಎಣ್ಣೆಗೆ ಬಿಡುತ್ತದೆ. ಕಂಡವರು ಕನ್ನಡಕ ಮರೆತಿರಾ ಎಂದು ಕೇಳುತ್ತಾರೆ. ಮರದ ಹಿಡಿಯ ಚಾಕುಗಳದ್ದು ಇನ್ನೊಂದು ಕತೆ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬ ಕಮ್ಮಾರರ ಮಗ ರೂಪಿಸಿದ ರೈತರ ಚಾಕು ಇಂದು ನಮ್ಮ ದೇಶಕ್ಕೂ ಬರುತ್ತಿದೆ. ಹಗುರ, ಹರಿತ, ದುಬಾರಿಯೂ ಅಲ್ಲ. ಅದರ ಕುತ್ತಿಗೆಯಲ್ಲಿ ತಿರುಗುವ ಉಕ್ಕಿನ ಬಳೆಯೊಂದಿದೆ. 1955ರಲ್ಲಿ ಬಂದ ಆ ಬಳೆ ತೆರೆದ ಅಲಗನ್ನು ಮಾತ್ರ ಬಂಧಿಸುತ್ತಿತ್ತು. 2000ದಿಂದ ಈಚಿನವು ಮಡಚಿದ ಅಲಗನ್ನೂ ಬಂಧಿಸುತ್ತವೆ. ದಿನವೂ ಜೇಬಿನಲ್ಲಿ ಒಯ್ಯುವವನಿಗೆ ತೆರೆದಾಗಿನ ಬೀಗಕ್ಕಿಂತ ಮುಚ್ಚಿದಾಗಿನ ಬೀಗವೇ ಮುಖ್ಯ ಎಂಬ ನನ್ನ ಮಾತಿಗೆ ಆ ಚಾಕುವೇ ಸಾಕ್ಷಿ. ನಮ್ಮ ಮಳೆಗೆ ಅದರ ಹಿಡಿ ಉಬ್ಬಿ ಅಲಗು ಹೊರಬರುವುದಿಲ್ಲ. ಆಗ ಹಿಡಿಯ ಹಿಂತುದಿಯನ್ನು ಮೇಜಿಗೆ ಮೆಲ್ಲನೆ ಕುಟ್ಟಿದರೆ ಅಲಗಿನ ಬೆನ್ನು ಮೇಲೇಳುತ್ತದೆ, ಸವಾಯಿನ ರೈತರೂ ಹಾಗೆಯೇ ಕುಟ್ಟುತ್ತಾರಂತೆ.

ಕೊರಳಿಗೆ ದಾರದಲ್ಲಿ ಚಾಕು ನೇತುಹಾಕಿಕೊಳ್ಳುವ ಹುಡುಗರನ್ನು ಈಚೆಗೆ ಕಾಣುತ್ತಿದ್ದೇನೆ. ಅಡಿಕೆ ಸುಲಿಯುವ ಯಂತ್ರದ ಮುಂದೆ, ಕಳೆ ಕೊಚ್ಚುವ ಯಂತ್ರದ ಬಳಿ ಕೊರಳಲ್ಲಿ ಏನೂ ನೇತಾಡಬಾರದು. ಇದರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ.

ಕಾನೂನಿನ ಮಾತು ಹೇಳದೆ ಈ ಪತ್ರ ಪೂರ್ಣವಾಗದು, ಏಕೆಂದರೆ ಆ ಓದುಗರು ಚಾಕು ಇಟ್ಟುಕೊಳ್ಳುವುದೇ ಅಪರಾಧವೆಂಬಂತೆ ಬರೆದಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ ಬಂದ 2016ರ ನಿಯಮಗಳ ಪಟ್ಟಿಯು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿರುವ ಚಾಕುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತದೆ, ಅದರಲ್ಲೂ ಮನೆವಾರ್ತೆ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಯ ಉಪಯೋಗಕ್ಕೆಂದು ಮಾಡಿದವನ್ನು ಹೊರಗಿಡುತ್ತದೆ. ನನ್ನ ಕಸಿ ಚಾಕುವಿನ ಅಲಗು ಎರಡೂವರೆ ಅಂಗುಲ. ಹಾಗೆಂದು ಎಲ್ಲೆಲ್ಲಿಯೂ ಒಯ್ಯಬಹುದೆಂದಲ್ಲ. ದೆಹಲಿಯಲ್ಲಿ ಪ್ರತ್ಯೇಕ ಅಧಿಸೂಚನೆಯೇ ಇದ್ದು, ಬಟನ್ ಒತ್ತಿದರೆ ತೆರೆಯುವ ಅಥವಾ ಗರಾರಿ (ಹಲ್ಲುಚಕ್ರ) ಇರುವ ಚಾಕುಗಳ ಅಲಗು 7.62 ಸೆಂಟಿಮೀಟರ್ ಉದ್ದ ಮತ್ತು 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಅವು ಕಾಯ್ದೆಯ ಹಿಡಿತಕ್ಕೆ ಬರುತ್ತವೆ. ದೆಹಲಿಗೆ ಹೋಗುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು. ನಮ್ಮಲ್ಲಿಯೂ ಚುನಾವಣೆ, ಮೆರವಣಿಗೆ, ಗಲಭೆಯ ಸಂದರ್ಭಗಳಲ್ಲಿ ನಿಷೇಧಾಜ್ಞೆ ಹೊರಡುತ್ತದೆ. ಮೊದಲು 144ನೇ ಸೆಕ್ಷನ್ ಎಂದು ಜನಜನಿತವಾಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಅಂಥ ಆಜ್ಞೆಯಲ್ಲಿ ಆಯುಧ ಒಯ್ಯಬಾರದೆಂದು ಬರೆದಿದ್ದರೆ ಅಂದು ಎರಡೂವರೆ ಅಂಗುಲದ ವಾದ ಹೂಡುವುದು ಜಾಣತನವಲ್ಲ. ವಿಮಾನದಲ್ಲಿ ಚಾಕು ಕೈಚೀಲದಲ್ಲಿ ಹೋಗದು, ಒಪ್ಪಿಸುವ ಸಾಮಾನಿನಲ್ಲಿ ಹಾಕಬೇಕು.

ಹೊರದೇಶದಲ್ಲಿ ಲೆಕ್ಕ ಇನ್ನೂ ಬೇರೆ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮಗ ಊರಿಗೆ ಬಂದಾಗ ನನ್ನ ಒಂದು ಚಾಕುವನ್ನು ನೆನಪಿಗೆಂದು ಕೇಳಿದ. ತೆರೆದಾಗ ಲಾಕ್ ಬೀಳುವಂಥದ್ದು ಅದು. ಅಲ್ಲಿ 1988ರ ಕಾಯ್ದೆಯ ಪ್ರಕಾರ 3 ಅಂಗುಲ ಮೀರದ ಬಾಯಿಯ ಮಡಚು ಚಾಕುವನ್ನು ಕಾರಣ ಹೇಳದೆಯೂ ಒಯ್ಯಬಹುದು, ಆದರೆ ಲಾಕ್ ಆಗುವ ಚಾಕುವನ್ನು ಅಲ್ಲಿನ ನ್ಯಾಯಾಲಯ ಮಡಚು ಚಾಕುವೆಂದೇ ಒಪ್ಪುವುದಿಲ್ಲ, ಅದಕ್ಕೆ ತಕ್ಕ ಕಾರಣ ಕೊಡಬೇಕು. ಜರ್ಮನಿಯಲ್ಲೂ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನು ಸಕಾರಣವಿಲ್ಲದೆ ಒಯ್ಯುವಂತಿಲ್ಲ. ಕೈಗೆ ಸುರಕ್ಷಿತವೆಂದು ನಾವು ಮೆಚ್ಚುವ ಲಾಕನ್ನೇ ಅಲ್ಲಿಯವರು ಅಪಾಯವೆಂದು ಎಣಿಸಿದ್ದು ಮೊದಲು ನನಗೆ ವಿಚಿತ್ರವೆನಿಸಿತು. ಲಾಕ್ ಬಿದ್ದ ಅಲಗು ಚುಚ್ಚಿದರೂ ಮಡಚಿಕೊಳ್ಳುವುದಿಲ್ಲ ಎಂಬುದು ಅವರ ತರ್ಕವಿರಬೇಕು. ಹುಡುಗನಿಗೆ ಕೊನೆಗೆ ಲಾಕ್ ಇಲ್ಲದ ಅಪ್ಪಯ್ಯನ ಹಿತ್ತಾಳೆ ಹಿಡಿಯ ಚಾಕುವನ್ನೇ ಕೊಟ್ಟೆ. ಅದರ ಬಾಯಿ ಸವೆದು ಸವೆದು ಈಗ ಎರಡು ಅಂಗುಲವೂ ಉಳಿದಿಲ್ಲ.

ಈ ಪತ್ರಕ್ಕೆ ನಿಜವಾದ ಪ್ರೇರಣೆ ಕಳೆದ ಚಳಿಗಾಲದ ಒಂದು ಪ್ರಸಂಗ. ಅಣ್ಣನ ಮಗಳ ಮನೆಗೆಂದು ದೊಡ್ಡ ಊರೊಂದಕ್ಕೆ ಹೋಗಿದ್ದಾಗ, ಒಂದು ಸಾರ್ವಜನಿಕ ಕಟ್ಟಡದ ಬಾಗಿಲಲ್ಲಿ ನನ್ನ ಹೆಗಲ ಚೀಲ ತಪಾಸಣೆಯ ಯಂತ್ರದೊಳಗೆ ಹೋಯಿತು. ಕನ್ನಡಕದ ಡಬ್ಬಿ ಹೊರತೆಗೆಯಲು ಹೇಳಿದರು, ತೆಗೆದೆ. ಎಣ್ಣೆ ಬಟ್ಟೆ ಬಿಡಿಸಿದರು. ಚಾಕು ಕಂಡಿತು. ಕಾವಲಿನ ಹುಡುಗ ಕೆಟ್ಟವನಲ್ಲ, "ಅಜ್ಜ, ಇದು ಒಳಗೆ ಬಿಡೋ ಹಾಗಿಲ್ಲ" ಎಂದು ಮೆತ್ತಗೇ ಹೇಳಿದ. ಹಾಗಾದರೆ ಇಲ್ಲಿಯೇ ಇಟ್ಟುಕೊಂಡಿರಪ್ಪ, ಬರುವಾಗ ಒಯ್ಯುತ್ತೇನೆ ಎಂದೆ. ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲವೆಂದ. ಹಿಂದೆ ಜನ ನೂಕುತ್ತಿದ್ದರು. ಇಪ್ಪತ್ತೆರಡು ವರ್ಷ ನನ್ನ ಕೈಯಲ್ಲಿದ್ದ ಚಾಕು ಬಾಟಲಿ, ಲೈಟರು, ಬ್ಲೇಡುಗಳಿದ್ದ ಒಂದು ನೀಲಿ ಡ್ರಮ್ಮಿಗೆ ಬಿತ್ತು. ರಸೀದಿಯಿಲ್ಲ, ದಾಖಲೆಯಿಲ್ಲ. ಒಳಗೆ ಚಾಕು ತರಬಾರದೆಂಬ ಫಲಕ ಇತ್ತೇ ಎಂದು ಹೊರಬಂದ ಮೇಲೆ ಹುಡುಕಿದೆ. ಇತ್ತು, ಯಂತ್ರವನ್ನು ದಾಟಿದ ಮೇಲಿನ ಗೋಡೆಯಲ್ಲಿ, ಇಂಗ್ಲಿಷಿನಲ್ಲಿ.

ಒಳಗೆ ಬಿಡದಿದ್ದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಜನ ಸೇರುವ ಕಡೆ ಕಸಿಯವನ ಚಾಕು ಯಾವುದು, ಕೇಡಿಗನದು ಯಾವುದು ಎಂದು ಬಾಗಿಲಲ್ಲಿ ನಿಂತು ತೂಗಲಾಗದು. ಎಲ್ಲರದನ್ನೂ ತಡೆಯುವುದೇ ಸರಿ. ಪೇಟೆಗೆ ಹೊರಟಾಗ ಅದನ್ನು ಮನೆಯ ಮೊಳೆಗೆ ನೇತುಹಾಕಿ ಬರಬೇಕಿತ್ತು, ಆ ತಪ್ಪು ನನ್ನದು. ಮಗನಿಗೆ ಬುದ್ಧಿ ಹೇಳಿದವನೇ ಮರೆತೆ. ಆದರೆ ಬಸ್ಸಿಳಿದು ನೇರವಾಗಿ ಬರುವ ರೈತ, ಚಮ್ಮಾರ, ಎಲೆಕ್ಟ್ರಿಷಿಯನ್, ಹೂ ಕಟ್ಟುವ ಹೆಂಗಸು, ಇವರೆಲ್ಲರ ಚೀಲದಲ್ಲಿ ದುಡಿಮೆಯ ಅಲಗೊಂದು ಇದ್ದೇ ಇರುತ್ತದೆ. ಅದನ್ನು ಬಾಗಿಲಲ್ಲಿ ಬಿಟ್ಟುಹೋಗು ಎನ್ನುವುದು ಬೇರೆ, ಕಳೆದುಕೋ ಎನ್ನುವುದು ಬೇರೆ. ದೇವಸ್ಥಾನದ ಮುಂದೆ ಉಂಗುಷ್ಠ ಕಿತ್ತ ಚಪ್ಪಲಿಗೂ ಟೋಕನ್ ಕೊಟ್ಟು ಕಾಯುವ ನಾಡು ನಮ್ಮದು. ದುಡಿಯುವವನ ಚಾಕುವಿಗೆ ಅಷ್ಟು ಮರ್ಯಾದೆ ಸಿಗಬಾರದೇ? ಒಂದು ಕಿಟಕಿ, ಖಾನೆಗಳಿರುವ ಒಂದು ಕಪಾಟು, ಎರಡು ತುಂಡಾಗುವ ನಂಬರಿನ ಚೀಟಿ, ಮಡಚದ ಅಲಗಿಗೆ ಸುತ್ತಲು ಒಂದಿಷ್ಟು ರಟ್ಟು, ಇದಕ್ಕಿಂತ ಹೆಚ್ಚಿನ ಖರ್ಚು ಇದರಲ್ಲಿಲ್ಲ. ಚೀಟಿಯ ಮೇಲೆ ಹೆಸರು ಮತ್ತು ಊರು ಬರೆಸಿಕೊಂಡರೆ ಕಾವಲಿನವರಿಗೂ ಯಾರು ಏನು ತಂದಿದ್ದರೆಂಬ ದಾಖಲೆ ಉಳಿಯುತ್ತದೆ. ಯಾರದೆಂದು ತಿಳಿಯದ ನೂರಾರು ಅಲಗುಗಳು ಒಂದು ಡ್ರಮ್ಮಿನಲ್ಲಿ ಬಿದ್ದಿರುವುದೇ ಭದ್ರತೆಯ ದೃಷ್ಟಿಯಿಂದ ಹೆಚ್ಚು ಅಪಾಯವಲ್ಲವೇ?

ಸಂಬಂಧಪಟ್ಟ ಅಧಿಕಾರಿಗಳ ಗಮನಕ್ಕೆ ಇದನ್ನು ತರಬೇಕೆಂದು ವಿನಂತಿಸುತ್ತೇನೆ. ಫಲಕವನ್ನು ಯಂತ್ರದ ಆಚೆಗಲ್ಲ, ಸಾಲು ಶುರುವಾಗುವ ಜಾಗದಲ್ಲಿ, ಕಣ್ಣಿನ ಎತ್ತರಕ್ಕೆ ಹಾಕಲಿ. ಅದರ ಮೇಲೆ ಇಷ್ಟು ಬರೆದಿದ್ದರೆ ಸಾಕು: "ಚಾಕು, ಕತ್ತರಿ, ಅಡಕತ್ತರಿಗಳನ್ನು ಒಳಗೆ ಒಯ್ಯುವಂತಿಲ್ಲ. ಎಡಗಡೆಯ ಕಿಟಕಿಯಲ್ಲಿ ಕೊಟ್ಟು ಚೀಟಿ ಪಡೆಯಿರಿ. ಹೋಗುವಾಗ ಚೀಟಿ ತೋರಿಸಿ ಹಿಂಪಡೆಯಿರಿ."

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಶಿರಸಿ ತಾಲ್ಲೂಕು, ಉತ್ತರ ಕನ್ನಡ